ಐಸ್ ಇಲ್ಲದ ಕಡಲಿಗೆ ಹೊರಟ ಪವರ್‌ಹೌಸ್

ಆ ಬೇಸಿಗೆಯಲ್ಲಿ ನನ್ನ ಕೆಲಸ ಕಡಲಿಗೆ ಬಣ್ಣ ಹಚ್ಚುವುದು. ಹೀಗೆ ಹೇಳಿದರೆ ಮನೆಯವರೂ ನಗುತ್ತಿದ್ದರು, ಆದರೆ ಕೆಲಸ ನಿಜಕ್ಕೂ ಅದೇ. ಬೆಳಿಗ್ಗೆ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನ ಆಫೀಸಿಗೆ ಹೋಗಿ ಕಾಫಿ ಇಟ್ಟುಕೊಂಡು ಕೂತರೆ, ಉತ್ತರ ಧ್ರುವದ ಸುತ್ತಿನ ಸಮುದ್ರದ ಮೇಲೆ ಹಾದುಹೋದ ಉಪಗ್ರಹದ ರಾಡಾರ್ ಚಿತ್ರ ಕಂಪ್ಯೂಟರಿಗೆ ಆಮೆಯಂತೆ ಇಳಿಯುತ್ತಿತ್ತು. ಇಡೀ ಚಿತ್ರ ಬೂದು ಬಣ್ಣ. ಅದರಲ್ಲಿ ಯಾವುದು ಮಂಜುಗಡ್ಡೆ, ಯಾವುದು ಬರೀ ನೀರು ಎಂದು ಬಿಡಿಸಿ ನೋಡಬೇಕು. ಗಡ್ಡೆ ಒತ್ತಾಗಿ ಕೂತಲ್ಲಿ ಕೆಂಪು, ಅರ್ಧಂಬರ್ಧ ಇದ್ದಲ್ಲಿ ಹಳದಿ, ಚದುರಿದ್ದಲ್ಲಿ ಹಸಿರು, ಏನೂ ಇಲ್ಲದಲ್ಲಿ ನೀಲಿ. ಹಾಗೆ ಬಣ್ಣ ಹಚ್ಚಿದ ನಕ್ಷೆ ಹಡಗಿಗೆ ಹೋಗುತ್ತಿತ್ತು. ಕೆಂಪಿದ್ದರೆ ನಿಲ್ಲಬೇಕು, ನೀಲಿ ಇದ್ದರೆ ಹೊರಡಬೇಕು.

ಇಂಟರ್ನೆಟ್ ಕಂಪನಿಗಳ ಡಾಟ್‌ಕಾಮ್ ಹುಚ್ಚು ಊರಿಗೆಲ್ಲ ಹಿಡಿದಿದ್ದ ಕಾಲ. ನಮ್ಮ ಬಾಸು ಬೆಂಗಳೂರಿನ ಬಸವನಗುಡಿಯವರು, ನನಗಿಂತ ಎರಡು ಮೂರು ವರ್ಷ ದೊಡ್ಡವರಿರಬಹುದು. ಅವರ ಲೆಕ್ಕಾಚಾರ ಸರಳ. ಭೂಮಿ ಬಿಸಿಯಾಗುತ್ತಿದೆ, ಧ್ರುವದ ಕಡಲು ವರ್ಷದಿಂದ ವರ್ಷಕ್ಕೆ ಹೆಚ್ಚು ದಿನ ತೆರೆದಿರುತ್ತದೆ, ಸರಕು ಸಾಗಿಸುವವರು ಆ ದಾರಿಗೆ ಬಂದೇ ಬರುತ್ತಾರೆ, ಬಂದಾಗ ನಕ್ಷೆಯನ್ನು ನಮ್ಮ ಹತ್ತಿರವೇ ಕೊಳ್ಳಬೇಕು. ಗಾಳಿ ಬಂದಾಗ ತೂರಿಕೋಬೇಕು ಎನ್ನುವುದು ಅವರ ಬಾಯಲ್ಲಿ ದಿನಕ್ಕೆರಡು ಸಲ ಬರುತ್ತಿತ್ತು. ವೆಬ್‌ಸೈಟಿನಲ್ಲಿ ಗಿರಗಿರ ತಿರುಗುವ ಭೂಗೋಳ ಇತ್ತು, ಆಫೀಸಿನ ನಡುವೆ ಆಟದ ಮೇಜು ಇತ್ತು, ಫ್ರಿಜ್ಜಿನ ತುಂಬ ಪುಕ್ಕಟೆ ಜ್ಯೂಸು ಇತ್ತು. ಗಿರಾಕಿಗಳು ಮಾತ್ರ ಬೆರಳೆಣಿಕೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಾನು ಒಂದೆರಡು ಸಲ ಅವರೆದುರೇ ಅಂದಿದ್ದೇನೆ. ಅವರು ನಕ್ಕುಬಿಡುತ್ತಿದ್ದರು. ನನ್ನ ವೀಸಾ ಅವರ ಕಂಪನಿಯ ಮೇಲೆ ನಿಂತಿದ್ದರಿಂದ ನಾನೂ ಅಷ್ಟಕ್ಕೇ ನಿಲ್ಲಿಸುತ್ತಿದ್ದೆ.

ಆ ವರ್ಷ ನಮಗೆ ಸಿಕ್ಕ ದೊಡ್ಡ ಕೆಲಸ ಒಂದೇ. ಅಲಾಸ್ಕಾದ ಉತ್ತರದ ಅಂಚಿನಲ್ಲಿ, ಕಡಲ ದಂಡೆಯ ಮೇಲೆ ಒಂದು ಸಣ್ಣ ಊರು. ಅಲ್ಲಿಗೆ ರಸ್ತೆ ಇಲ್ಲ. ಸಣ್ಣ ವಿಮಾನ ಹೋಗುತ್ತದೆ, ಭಾರದ ಸಾಮಾನು ಮಾತ್ರ ವರ್ಷಕ್ಕೊಮ್ಮೆ, ಬೇಸಿಗೆಯಲ್ಲಿ ಗಡ್ಡೆ ಸರಿದಾಗ, ಕಡಲಿನಿಂದಲೇ ಬರಬೇಕು. ಊರಿಗೆ ಕರೆಂಟು ಕೊಡುತ್ತಿದ್ದ ಹಳೆಯ ಡೀಸೆಲ್ ಜನರೇಟರು ಕೊನೆಯುಸಿರು ಎಳೆಯುತ್ತಿತ್ತು. ಹಿಂದಿನ ಚಳಿಗಾಲ ಅದು ಕೈಕೊಟ್ಟಾಗ ಊರಿಗೆ ಊರೇ ಶಾಲೆಯ ಒಂದು ಕೋಣೆಯಲ್ಲಿ ಒಟ್ಟಾಗಿ ಮಲಗಿತ್ತಂತೆ. ಅಲ್ಲಿನ ಪವರ್‌ಹೌಸ್ ನೋಡಿಕೊಳ್ಳುವವನು ಫೋನಿನಲ್ಲಿ ಇದನ್ನು ಹೇಳುವಾಗ ದನಿ ಏರಿಸಲಿಲ್ಲ. ಇನ್ನೊಂದು ಚಳಿಗಾಲ ಅದು ತಾಳುವುದಿಲ್ಲ, ನೀವು ಈ ಬೇಸಿಗೆ ತರದಿದ್ದರೆ ಹೆಂಗಸರು ಮಕ್ಕಳನ್ನು ಬೇರೆ ಊರಿಗೆ ಕಳಿಸುತ್ತೇವೆ ಎಂದ. ಹೊಸ ಜನರೇಟರನ್ನು, ಅದರ ಮನೆಯ ಸಮೇತ, ಎರಡಂತಸ್ತಿನಷ್ಟು ಎತ್ತರದ ಉಕ್ಕಿನ ಡಬ್ಬಿಯಾಗಿ ಕಟ್ಟಿ ಒಯ್ಯುವುದೆಂದು ತೀರ್ಮಾನವಾಗಿತ್ತು.

ಅದನ್ನು ಕಟ್ಟಿ ಭದ್ರಮಾಡುವ ಗುತ್ತಿಗೆ ನಮ್ಮ ಆಫೀಸಿನಿಂದ ಸ್ವಲ್ಪ ದೂರದ ಹೇವರ್ಡ್‌ನಲ್ಲಿ ಗೋದಾಮು ಇಟ್ಟುಕೊಂಡಿದ್ದ ಹುಬ್ಬಳ್ಳಿಯ ಸಾಹೇಬರದು. ಐವತ್ತು ದಾಟಿದವರು, ದಪ್ಪ ಆಳು, ಒಳ್ಳೆಯ ವ್ಯಾಪಾರಸ್ಥರು. ತಮ್ಮ ಕೆಲಸದ ಬಗ್ಗೆ ಜಂಬವೂ ಇತ್ತು. ತಾನು ಕಟ್ಟಿದ ಸರಕು ಹಡಗು ಮುಳುಗಿದರೂ ಹಡಗು ಬಿಟ್ಟು ಕದಲುವುದಿಲ್ಲ ಎಂದು ಎಲ್ಲರೆದುರು ಹೇಳುತ್ತಿದ್ದರು. ನಾನು ಕನ್ನಡದವಳು, ಅದೂ ದಾವಣಗೆರೆಯವಳು ಎಂದು ಗೊತ್ತಾದ ದಿನವೇ ಫ್ರೀಮಾಂಟಿನ ಮನೆಗೆ ಊಟಕ್ಕೆ ಕರೆದರು. ಅವರ ಹೆಂಡತಿ ಬಡಿಸುತ್ತ, ಇವರ ಮಾತನ್ನು ಅರ್ಧ ಮಾತ್ರ ನಂಬು ಎಂದು ನನಗೆ ಬುದ್ಧಿ ಹೇಳಿದರು.

ಓಕ್‌ಲ್ಯಾಂಡಿನ ಬಂದರಿನ ಧಕ್ಕೆಯಲ್ಲಿ ಪವರ್‌ಹೌಸನ್ನು ಬಾರ್ಜಿಗೆ ಏರಿಸಿದೆವು. ಬಾರ್ಜು ಎಂದರೆ ಇಂಜಿನ್ ಇಲ್ಲದ, ತಟ್ಟೆಯಂಥ ಚಪ್ಪಟೆ ಹಡಗು. ಮುಂದೆ ಟಗ್ಗು ಎನ್ನುವ ಗಟ್ಟಿ ಇಂಜಿನ್ನಿನ ಸಣ್ಣ ಹಡಗು ಅದನ್ನು ಉದ್ದದ ಉಕ್ಕಿನ ಹಗ್ಗದಿಂದ ಎಳೆಯುತ್ತದೆ. ಎತ್ತರದ ಪವರ್‌ಹೌಸ್ ವಾಲದಂತೆ ಸುತ್ತ ಓರೆಯಾಗಿ ಉಕ್ಕಿನ ಬ್ರೇಸು ನಿಲ್ಲಿಸಿ, ಅಂದರೆ ಗೋಡೆಗೆ ಊರುಗೋಲು ಕೊಟ್ಟ ಹಾಗೆ, ಅಡಿಯನ್ನು ಬಾರ್ಜಿನ ನೆಲಕ್ಕೆ ವೆಲ್ಡ್ ಮಾಡಿದರು. ಅದರ ಮೇಲೆ ಚೈನು ಬಿಗಿದರು. ಸಾಹೇಬರು ಪ್ರತಿ ಬೆಸುಗೆಯನ್ನೂ ಸುತ್ತಿಗೆಯಿಂದ ತಟ್ಟಿ ಕಿವಿಗೊಟ್ಟು ಕೇಳಿ, ಎರಡನ್ನು ಕಿತ್ತು ಮತ್ತೆ ಮಾಡಿಸಿದರು. ಅಲಾಸ್ಕಾ ಕೊಲ್ಲಿಯಲ್ಲಿ ಬಾರ್ಜಿಗೆ ಬಿರುಗಾಳಿ ಸಿಕ್ಕಿತು. ಬ್ರೇಸು ಒಂದೂ ಅಲುಗಲಿಲ್ಲ. ಸಾಹೇಬರು ಆ ವಾರ ನನಗೆ ಫೋನು ಮಾಡಿ ಅದನ್ನೇ ಮೂರು ಸಲ ಹೇಳಿದರು.

ಈಗ ಆ ದಾರಿಯ ಒಂದು ಪದ್ಧತಿ ಹೇಳಬೇಕು. ಅಲಾಸ್ಕಾ ಮತ್ತು ರಷ್ಯಾದ ನಡುವಿನ ಬೇರಿಂಗ್ ಜಲಸಂಧಿಗೆ ಮೊದಲು ಒಂದು ಕೊಲ್ಲಿ ಇದೆ. ಮರಳಿನ ದಿಬ್ಬವೊಂದು ತೋಳು ಚಾಚಿ ಅದನ್ನು ಕಾಯುತ್ತದೆ. ಉತ್ತರಕ್ಕೆ ಹೋಗುವ ಬಾರ್ಜುಗಳಿಗೆ ಅದೇ ಕೊನೆಯ ಆಸರೆ. ಅಲ್ಲಿ ನಿಂತು ಎಲ್ಲರೂ ಬ್ರೇಸುಗಳನ್ನು ಗ್ಯಾಸ್ ಕಟ್ಟರಿನಿಂದ ಕಡಿದುಹಾಕುತ್ತಾರೆ. ಅಲ್ಲಿಂದ ಮುಂದೆ ಚೈನು ಸಾಕು. ಯಾಕೆಂದರೆ ಮುಂದಿನ ಕಡಲಿನಲ್ಲಿ ಈ ಕಡೆ ದಂಡೆ, ಆ ಕಡೆ ಮಂಜುಗಡ್ಡೆ, ನಡುವೆ ಓಣಿಯಷ್ಟು ನೀರು. ಗಡ್ಡೆ ಅಲೆಯನ್ನು ಏಳಲು ಬಿಡುವುದಿಲ್ಲ. ಊರಿನಲ್ಲಿ ಬಂದರಿಲ್ಲ, ಬಾರ್ಜಿನ ಮೂತಿಯನ್ನು ಮರಳಿಗೆ ಹತ್ತಿಸಿ ಹಲಗೆ ಇಳಿಬಿಟ್ಟು ಸರಕು ಎಳೆದುಕೊಳ್ಳಬೇಕು. ಅಲ್ಲಿ ಹೋಗಿ ಬ್ರೇಸು ಕಡಿಯುತ್ತ ಕೂತರೆ ಅಷ್ಟರಲ್ಲಿ ಗಾಳಿ ತಿರುಗಿ ಗಡ್ಡೆ ಬಂದು ಹಿಂದಿನ ದಾರಿ ಮುಚ್ಚುತ್ತದೆ. ಹಾಗಾಗಿ ಕೊನೆಯ ಆಸರೆಯಲ್ಲಿ ಕಡಿ, ದಂಡೆಗೆ ಹೋಗಿ ಇಳಿಸು, ಓಡಿ ಬಾ. ಆ ಕರಾವಳಿಯಲ್ಲಿ ಕೂದಲು ನೆರೆದ ಕ್ಯಾಪ್ಟನ್‌ಗಳೆಲ್ಲ ಮಾಡುತ್ತಿದ್ದುದು ಹೀಗೆಯೇ.

ಆಗಸ್ಟಿನಲ್ಲಿ ನಮ್ಮ ಟಗ್ಗು ಆ ಕೊಲ್ಲಿಗೆ ಬಂದು ನಿಂತಿತು. ಆ ಬೆಳಿಗ್ಗೆಯ ಚಿತ್ರ ನೋಡಿ ನಾನು ಬಾಸನ್ನು ಕೂಗಿದೆ. ದಂಡೆಯುದ್ದಕ್ಕೂ ನೀಲಿ. ಗಡ್ಡೆ ಎಲ್ಲೋ ಉತ್ತರಕ್ಕೆ ಸರಿದುಹೋಗಿತ್ತು. ಅಷ್ಟು ದೂರ ಸರಿದದ್ದನ್ನು ನಮ್ಮ ಹತ್ತಿರವಿದ್ದ ಹಳೆಯ ನಕ್ಷೆಗಳಲ್ಲಿ ಎಲ್ಲೂ ಕಾಣಲಿಲ್ಲ. ಬಾಸು ಪಿಜ್ಜಾ ತರಿಸಿದರು. ಕ್ಯಾಪ್ಟನ್ ಸ್ಯಾಟಲೈಟ್ ಫೋನಿನಲ್ಲಿ, ಬ್ರೇಸು ಕಡಿಯಲೇ ಎಂದು ಕೇಳಿದ. ಅವನು ವಾಷಿಂಗ್ಟನ್ ರಾಜ್ಯದ ಕಡೆಯವನು, ಮಾತು ಕಡಿಮೆ. ನಾವು ಕಡಿಯಿರಿ ಎಂದೆವು. ಟಗ್ಗಿನಲ್ಲೇ ಹೋಗಿದ್ದ ಸಾಹೇಬರ ಇಬ್ಬರು ವೆಲ್ಡರುಗಳು ಕಡಿದು, ತುಂಡುಗಳನ್ನು ಬಾರ್ಜಿನ ಮೂಲೆಯಲ್ಲಿ ಒಟ್ಟಿ, ಹತ್ತಿರದ ಊರಿನಿಂದ ವಿಮಾನ ಹಿಡಿದು ವಾಪಸು ಬಂದುಬಿಟ್ಟರು.

ಇನ್ನೇನು ಹೊರಡಬೇಕು ಎನ್ನುವಷ್ಟರಲ್ಲಿ ಟಗ್ಗಿನ ಇಂಜಿನ್ನಿನ ನೀರಿನ ಪಂಪು ಕೆಟ್ಟಿತು. ಬಿಡಿಭಾಗ ವಿಮಾನದಲ್ಲಿ ಬರಬೇಕು. ಅದೇ ನಮ್ಮ ಪುಣ್ಯ. ಟಗ್ಗು ಅಲ್ಲೇ ನಿಂತಿದ್ದ ಆ ದಿನಗಳಲ್ಲಿ ನನಗೆ ಬಣ್ಣ ಹಚ್ಚಲು ಕೆಲಸವೇ ಇರಲಿಲ್ಲ. ಇಡೀ ಹಾಳೆ ನೀಲಿ. ಸುಮ್ಮನೆ ಕೂರಲಾರದೆ ದಂಡೆಯಿಂದ ಗಡ್ಡೆಯ ಅಂಚಿಗೆ ಎಷ್ಟು ದೂರ ಎಂದು ಅಳೆದೆ. ಹವಾಮಾನದವರ ಮುನ್ಸೂಚನೆಯೂ ಪಕ್ಕದಲ್ಲಿತ್ತು. ವಾಯವ್ಯದ ಗಾಳಿ, ಮಾಮೂಲು ಜೋರು. ಗಡ್ಡೆ ಇರುವ ವರ್ಷ ಅಂಥ ಗಾಳಿಯನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ.

ಎರಡನ್ನೂ ಒಟ್ಟಿಗೆ ನೋಡಿದಾಗ ನಮ್ಮ ತಪ್ಪು ಕಂಡಿತು. ನಾನು ಓದಿದ್ದು ಸಿವಿಲ್ ಇಂಜಿನಿಯರಿಂಗು. ನಮ್ಮೂರ ಕಡೆಯ ಸೂಳೆಕೆರೆಯ ಏರಿಯ ಮೇಲೆ ಆಷಾಢದಲ್ಲಿ ನಿಂತವರಿಗೆ ಇದನ್ನು ಪುಸ್ತಕದಲ್ಲಿ ಓದಿ ತಿಳಿಯಬೇಕಿಲ್ಲ. ಅದೇ ಗಾಳಿ ಊರ ಕಟ್ಟೆಯಲ್ಲಿ ನೀರಿನ ಮೈ ಸುಕ್ಕು ಮಾಡುತ್ತದೆ ಅಷ್ಟೇ, ದೊಡ್ಡ ಕೆರೆಯಲ್ಲಿ ಏರಿಯ ಕಲ್ಲನ್ನೇ ಕೀಳುತ್ತದೆ. ಗಾಳಿಗೆ ಓಡಲು ಎಷ್ಟು ಉದ್ದ ನೀರು ಸಿಗುತ್ತದೋ ಅಲೆ ಅಷ್ಟು ಬೆಳೆಯುತ್ತದೆ. ಕಡಲಿನಲ್ಲಿ ಓಣಿ ಹೋಗಿ ಬಯಲು ಬಂದಿತ್ತು. ನಾವೆಲ್ಲ, ನಾನು, ಬಾಸು, ಸಾಹೇಬರು, ಅಷ್ಟು ವರ್ಷದ ಅನುಭವದ ಕ್ಯಾಪ್ಟನ್ ಕೂಡ, ಐಸ್ ಎಲ್ಲಿದೆ ಎಂದು ಹುಡುಕುತ್ತ ಕೂತಿದ್ದೆವು. ಐಸ್ ಇಲ್ಲದಿದ್ದರೆ ಅಲ್ಲಿ ಏನಿರುತ್ತದೆ ಎಂದು ಒಬ್ಬರೂ ಕೇಳಿಕೊಂಡಿರಲಿಲ್ಲ.

ಅಣೆಕಟ್ಟಿನ ಪಾಠದ ಸೂತ್ರ ನೆನಪು ಮಾಡಿಕೊಂಡು ಅಲೆಯ ಎತ್ತರ ಲೆಕ್ಕ ಹಾಕಿದೆ. ನಂಬಿಕೆ ಬರದೆ ಮತ್ತೆ ಹಾಕಿದೆ. ಆಮೇಲೆ ಸಾಹೇಬರಿಗೆ ಫೋನು ಮಾಡಿ, ಇಷ್ಟು ಎತ್ತರದ ಅಲೆ ಮಗ್ಗುಲಿಗೆ ಹೊಡೆದರೆ ಬರೀ ಚೈನಿನ ಮೇಲೆ ಪವರ್‌ಹೌಸ್ ನಿಲ್ಲುತ್ತದೆಯೇ ಎಂದು ಕೇಳಿದೆ. ಜಂಬದ ಉತ್ತರ ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ.

“ಚೈನು ಮ್ಯಾಲಿಂದ ಒತ್ತಿ ಹಿಡಿತೈತ್ರಿ ಅಷ್ಟ. ಮಗ್ಗಲಕ್ಕ ವಾಲೂದನ್ನ ತಡಿಯೂದು ಬ್ರೇಸು. ಅದನ್ನ ನಾವ ಕಡದ ಕುಂತೇವಲ್ರೀ ಅಕ್ಕಾರ” ಎಂದರು.

ಅದು ವಾಲಿದರೆ ಬಾರ್ಜು ಮಗುಚುತ್ತದೆ. ಮಗುಚಿದ ಬಾರ್ಜು ಹಗ್ಗ ಎಳೆದರೆ ಟಗ್ಗಿಗೂ, ಅದರಲ್ಲಿರುವವರಿಗೂ ಗಂಡಾಂತರ. ಇದನ್ನು ಅವರು ಹೇಳಲು ಶುರುಮಾಡಿದರು, ನಾನು ಬೇಡ ಗೊತ್ತು ಎಂದೆ.

ಅಷ್ಟರಲ್ಲಿ ಪಂಪು ಸರಿಯಾಗಿತ್ತು. ಕ್ಯಾಪ್ಟನ್ ನಕ್ಷೆಗೆ ಕಾಯುತ್ತಿದ್ದ. ವಿಮೆಯ ಕರಾರಿನ ಪ್ರಕಾರ ನಮ್ಮ ನಕ್ಷೆಯ ಮೇಲೆ ಹೊರಡಬಹುದು ಎಂದು ಬರೆಯದೆ ಅವನು ಆ ಕೊಲ್ಲಿ ಬಿಡುವಂತಿರಲಿಲ್ಲ. ಬರೆಯುವವಳು ನಾನು. ನಾನು ಬಾಸಿನ ಕೋಣೆಗೆ ಹೋಗಿ, ಇವತ್ತು ಹಾಗೆ ಬರೆಯುವುದಿಲ್ಲ, ಬ್ರೇಸು ಮತ್ತೆ ವೆಲ್ಡ್ ಆಗಬೇಕು ಎಂದೆ.

ಅವರಿಗೆ ನಾನು ತಮಾಷೆ ಮಾಡುತ್ತಿದ್ದೇನೆ ಅನ್ನಿಸಿತು. ಆಮೇಲೆ ಸಿಟ್ಟು ಬಂತು. ಆ ವಾರ ಹೂಡಿಕೆದಾರರಿಗೆ ಕಡಲು ತೆರೆದಿದೆ ಎಂದು ಇದೇ ನೀಲಿ ನಕ್ಷೆಯನ್ನು ತೋರಿಸಿ ಬಂದಿದ್ದರು. ಸಿಟ್ಟು ಬಂದರೆ ಅವರು ನನ್ನನ್ನು ಮೇಡಂ ಎನ್ನುತ್ತಿದ್ದರು.

“ಮೇಡಂ, ನಾವು ಐಸ್ ಕಂಪನಿ. ಐಸ್ ಇಲ್ಲ. ಅಲೆ ನೋಡೋದು ನಮ್ ಜಾಬ್ ಅಲ್ಲ, ಕ್ಯಾಪ್ಟನ್ನ ಜಾಬು. ಲೇಟಾಗಿ ಐಸ್ ವಾಪಸ್ ಬಂದ್ರೆ ಆ ಊರಿಗೆ ಏನ್ ಹೇಳ್ತೀರಾ?”

ಆ ಕೊನೆಯ ಮಾತು ನನಗೆ ನಾಟಿತು. ಅವರು ಕೆಟ್ಟ ಮನುಷ್ಯರಲ್ಲ, ಮತ್ತು ಆ ಪ್ರಶ್ನೆ ಸುಳ್ಳೂ ಅಲ್ಲ. ತಡಮಾಡಿದರೆ ಪವರ್‌ಹೌಸ್ ಮುಟ್ಟದಿರಬಹುದು. ಬ್ರೇಸು ಮತ್ತೆ ಹಾಕಿದರೆ ದಂಡೆಯ ಮೇಲೆ ಕಡಿಯುತ್ತ ಕೂರಬೇಕು, ಅಷ್ಟರಲ್ಲಿ ಗಡ್ಡೆ ಬರಬಹುದು. ಆದರೂ ಬರೀ ಚೈನಿನ ಮೇಲೆ ಆ ಜನರನ್ನು ಕಳಿಸಲು ನನ್ನ ಕೈ ಬರಲಿಲ್ಲ. ನಾನು ಹೇಳಿದ್ದು ಇಷ್ಟು.

“ನೀಲಿ ಅಂತ ನಾನು ಬರೆದ್ರೆ ಅವನು ಹೊರಡ್ತಾನೆ. ಅಲೆ ನೋಡೋದು ನಮ್ ಜಾಬ್ ಅಲ್ಲ ಅಂತ ಅವನಿಗೆ ಗೊತ್ತಿಲ್ಲ. ನಾನು ಬರೆಯಲ್ಲ. ಬೇಕಾದ್ರೆ ನೀವೇ ಬರೆದು ನಿಮ್ ಹೆಸರು ಹಾಕಿ.”

ಅವರು ಪೆನ್ನು ತೆಗೆದುಕೊಂಡರು. ಹಾಳೆಯ ಮೇಲೆ ಸ್ವಲ್ಪ ಹೊತ್ತು ಹಿಡಿದಿದ್ದು ಕೆಳಗಿಟ್ಟರು. ನಿಮ್ಮ ವೀಸಾ ಪೇಪರು ನನ್ನ ಟೇಬಲ್ ಮೇಲಿದೆ, ನೆನಪಿರಲಿ ಎಂದರು. ನೆನಪಿದೆ ಎಂದೆ. ಹೊರಗೆ ಬಂದು ಪಾರ್ಕಿಂಗ್ ಲಾಟಿಗೆ ಹೋಗಿ ಕಾರಿನಲ್ಲಿ ಕೂತೆ. ಆಮೇಲೆ ವಾಪಸು ಬಂದು ನೀಲಿಯ ಮೇಲೆ ಕಪ್ಪು ಗೆರೆ ಹಾಕಿ, ಹೊರಡಬೇಡಿ, ಅಲೆ, ಬ್ರೇಸು ಹಾಕುವವರೆಗೆ ಎಂದು ಬರೆದು ಕಳಿಸಿದೆ. ಕ್ಯಾಪ್ಟನ್ ತಕ್ಷಣ ಫೋನು ಮಾಡಿ ಲೆಕ್ಕ ಕೇಳಿದ. ಹೇಳಿದೆ. ಅವನು ಒಂದು ಬೈಗುಳ ಬೈದ, ಅದು ನನಗಲ್ಲ. ವೆಲ್ಡರನ್ನು ಕಳಿಸಿ ಎಂದ.

ಅಲ್ಲೇ ಸಿಕ್ಕಿಹಾಕಿಕೊಂಡೆವು. ಒಬ್ಬ ವೆಲ್ಡರು ಬೇರೆ ಕೆಲಸಕ್ಕೆ ಹೋಗಿಬಿಟ್ಟಿದ್ದ, ಇನ್ನೊಬ್ಬ ಬರುವುದಿಲ್ಲ ಎಂದ. ವೆಲ್ಡ್ ಮಾಡಿ ಬಂದರೆ ಸಾಲದು, ದಂಡೆಯಲ್ಲಿ ಕಡಿಯಲು ಟಗ್ಗಿನ ಜೊತೆಗೇ ಹೋಗಬೇಕಲ್ಲ. ಅಲಾಸ್ಕಾದಲ್ಲಿ ಹುಡುಕಿದೆವು. ಬೇಸಿಗೆ ಕೆಲಸದ ಕಾಲ, ಯಾರೂ ಖಾಲಿ ಇರಲಿಲ್ಲ. ಎರಡನೆಯ ದಿನ ಸಾಹೇಬರು ತಾವೇ ಹೋಗುವುದಾಗಿ ಹೇಳಿದರು. ಅವರು ಕಟ್ಟರು ಕೈಯಲ್ಲಿ ಹಿಡಿದು ಎಷ್ಟು ವರ್ಷವಾಗಿತ್ತೋ. ನಾನು ಬೇಡ ಎಂದೆ.

“ಕಡಿ ಅಂದಾವ್ರು ನೀವು, ಕಡಿಸಿದಾಂವ ನಾನು. ಯಾರರ ಒಬ್ರು ಹೋಗಬೇಕಲ್ರೀ. ನಿಮಗ ವೆಲ್ಡಿಂಗ್ ಬರೂದಿಲ್ಲ” ಎಂದು ನಕ್ಕರು.

ಮಾರನೆಯ ದಿನ ಒಂದು ಚೀಲ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೂರು ಸ್ವೆಟರು ಕಟ್ಟಿಕೊಂಡು ವಿಮಾನ ಹತ್ತಿದರು. ಸಂಜೆ ಅವರ ಹೆಂಡತಿಯ ಫೋನು ಬಂತು. ಬೈಯುತ್ತಾರೆ ಎಂದುಕೊಂಡೆ. ಅವರು ಬೈಯಲಿಲ್ಲ.

“ಅವರಿಗೆ ಈಜಾಕ ಬರೂದಿಲ್ಲವ್ವಾ. ನಿನಗ ಗೊತ್ತೈತೇನು?”

ನನಗೆ ಗೊತ್ತಿರಲಿಲ್ಲ. ಆ ನೀರಿನಲ್ಲಿ ಬಿದ್ದರೆ ಈಜು ಬಂದರೂ ಒಂದೇ, ಬರದಿದ್ದರೂ ಒಂದೇ ಎಂದು ಹೇಳುವ ಹಾಗೂ ಇರಲಿಲ್ಲ. ದಿನಾ ಫೋನು ಮಾಡಿ ಎಲ್ಲಿದ್ದಾರೆ ಎಂದು ಹೇಳುತ್ತೇನೆ ಎಂದೆ. ಅಂದಿನಿಂದ ದಿನವೂ ಆಫೀಸು ಬಿಡುವ ಮುಂಚೆ ಫ್ರೀಮಾಂಟಿಗೆ ಒಂದು ಫೋನು. ನಕ್ಷೆ ಮುಗಿಸಿದ್ದಕ್ಕಿಂತ ಆ ಫೋನು ಮುಗಿಸಿದ ಮೇಲೆ ನನಗೆ ಹೆಚ್ಚು ದಣಿವಾಗುತ್ತಿತ್ತು.

ಸಾಹೇಬರು ಕೊಲ್ಲಿ ಮುಟ್ಟಿ, ಮೂಲೆಯಲ್ಲಿ ಒಟ್ಟಿದ್ದ ತುಂಡುಗಳಿಗೆ ಉಕ್ಕಿನ ಪಟ್ಟಿ ಕೊಟ್ಟು ಬೆಸೆಯುತ್ತಿದ್ದಾಗಲೇ ವಾಯವ್ಯದ ಗಾಳಿ ಬಂತು. ಮುನ್ಸೂಚನೆಯಲ್ಲಿ ಇದ್ದಷ್ಟೇ, ಹೆಚ್ಚಲ್ಲ. ಆದರೆ ಕೊಲ್ಲಿಯ ಹೊರಗಿನ ಕಡಲು ಎದ್ದು ನಿಂತಿತು. ಮರಳಿನ ದಿಬ್ಬದ ಮೇಲೆ ಹತ್ತಿ ನೋಡಿ ಬಂದ ಕ್ಯಾಪ್ಟನ್, ಈ ಕಡಲನ್ನು ತಾನು ಹೀಗೆ ನೋಡಿಯೇ ಇಲ್ಲ ಎಂದ. ನಾನು ಇದನ್ನು ಬಾಸಿಗೆ ಹೇಳಿದೆ. ಅವರು ತಲೆಯಾಡಿಸಿದರು. ವೀಸಾದ ಮಾತು ಮತ್ತೆ ಬರಲಿಲ್ಲ.

ಗಾಳಿ ಇಳಿದ ಮೇಲೆ ಹೊರಟರು. ಗಾಳಿ ಹೋದರೂ ಅಲೆ ಹೋಗಿರಲಿಲ್ಲ. ಜಲಸಂಧಿ ದಾಟಿ, ಭೂಶಿರ ಸುತ್ತಿ ಪೂರ್ವಕ್ಕೆ ತಿರುಗುವವರೆಗೆ ಬಾರ್ಜು ತೊಟ್ಟಿಲಿನ ಹಾಗೆ ತೂಗುತ್ತಲೇ ಇತ್ತು. ಒಂದು ಬ್ರೇಸಿನ ಬೆಸುಗೆ ಬಿರುಕು ಬಿಟ್ಟಿತು. ಸಾಹೇಬರು ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು, ಟಗ್ಗಿನಿಂದ ಬಾರ್ಜಿಗೆ ಹೋಗಿ ಅದನ್ನು ಮತ್ತೆ ಬೆಸೆದರಂತೆ. ಹೋಗುವಾಗ ವಾಂತಿ, ಬರುವಾಗ ವಾಂತಿ. ಇದನ್ನು ನಾನು ಫ್ರೀಮಾಂಟಿಗೆ ಹೇಳಲಿಲ್ಲ, ಊಟ ಸರಿಯಾಗಿ ಸೇರುತ್ತಿಲ್ಲವಂತೆ ಎಂದಷ್ಟೇ ಹೇಳಿದೆ.

ಊರಿನ ಮುಂದೆ ಹೋಗಿ ನಿಂತಾಗ ಇನ್ನೊಂದು ತೊಡಕು ಬಂತು. ಅದನ್ನು ನಾನೂ ಯೋಚಿಸಿರಲಿಲ್ಲ. ಹಿಂದೆಲ್ಲ ದಂಡೆಯ ಹತ್ತಿರ ತೇಲುವ ಗಡ್ಡೆಗಳು ಅಲೆಯನ್ನು ಸಪ್ಪಗೆ ಮಾಡುತ್ತಿದ್ದವು. ಈಗ ಅಲೆ ನೇರ ಬಂದು ಮರಳಿನ ಮೇಲೆ ಒಡೆಯುತ್ತಿತ್ತು. ಅದರಲ್ಲಿ ಬಾರ್ಜಿನ ಮೂತಿ ಹತ್ತಿಸಿದರೆ ಅಡ್ಡ ತಿರುಗಿ ಮುರಿಯುತ್ತದೆ. ಪವರ್‌ಹೌಸ್ ಊರಿನವರ ಕಣ್ಣಿಗೆ ಕಾಣುತ್ತಿತ್ತು, ದಂಡೆಗೆ ಮಾತ್ರ ಬರಲಿಲ್ಲ. ಟಗ್ಗು ಹೊರಗೆ ನಿಂತು ಕಾದಿತು. ಒಂದು ಗಾಳಿ ಇಳಿದರೆ ಇನ್ನೊಂದು. ಸೆಪ್ಟೆಂಬರ್ ಅರ್ಧ ಕಳೆಯಿತು. ಟಗ್ಗಿನ ಡೀಸೆಲ್ ಕರಗುತ್ತಿತ್ತು. ಇನ್ನು ಸ್ವಲ್ಪ ದಿನದಲ್ಲಿ ತಿರುಗಿ ಹೊರಡಲೇಬೇಕು ಎಂದ ಕ್ಯಾಪ್ಟನ್. ಊರಿನ ಪವರ್‌ಹೌಸಿನವನು ನನಗೆ ಫೋನು ಮಾಡಿ ನಿಮ್ಮ ನಕ್ಷೆ ಏನು ಹೇಳುತ್ತದೆ ಎಂದು ಕೇಳಿದ. ನೀಲಿ ಎಂದೆ. ಹೌದು, ನನಗೂ ಕಾಣುತ್ತಿದೆ ಎಂದ.

ಆಗ ನಾನು ಉತ್ತರದ ಕಡೆ ನೋಡಲು ಶುರುಮಾಡಿದೆ. ಗಡ್ಡೆಯ ಅಂಚು ದಿನಕ್ಕೆ ಎಷ್ಟು ಸರಿಯುತ್ತಿದೆ, ಅದರಿಂದ ಕಳಚಿಕೊಂಡ ಪಟ್ಟಿಗಳು ಯಾವ ಕಡೆ ತೇಲುತ್ತಿವೆ. ಒಂದು ಉದ್ದನೆಯ ಪಟ್ಟಿ, ನಾಲಿಗೆಯಂಥದ್ದು, ಕೆಳಗೆ ಚಾಚಿಕೊಂಡಿತ್ತು. ಈಶಾನ್ಯದ ಗಾಳಿ ಬಂದರೆ ಅದು ದಂಡೆಯ ಕಡೆ ಬರಬಹುದು. ಕ್ಯಾಪ್ಟನ್‌ಗೆ ಹೇಳಿದೆ, ಇದು ಬಂದರೆ ಮೊದಲು ಅಲೆ ಮಲಗುತ್ತದೆ, ಆಮೇಲೆ ದಾರಿ ಮುಚ್ಚುತ್ತದೆ, ನಡುವೆ ನಿಮಗೆ ಸಿಗುವ ಹೊತ್ತು ಬಹಳ ಸ್ವಲ್ಪ. ಅವನು, ಅಷ್ಟು ಸಿಕ್ಕರೆ ಸಾಕು ಎಂದ. ಐಸ್ ದೂರ ಇರಲಿ ಎಂದು ಸಂಬಳ ತೆಗೆದುಕೊಳ್ಳುವವಳು ನಾನು. ಆ ದಿನಗಳಲ್ಲಿ ಐಸ್ ಬರಲಪ್ಪಾ ಎಂದು ಸನ್ನಿವೇಲ್ ದೇವಸ್ಥಾನಕ್ಕೂ ಹೋಗಿ ಬಂದೆ. ಅರ್ಚಕರಿಗೆ ಏನೆಂದು ಸಂಕಲ್ಪ ಹೇಳುವುದೋ ತೋಚದೆ ಸುಮ್ಮನೆ ನನ್ನ ಹೆಸರು, ನಕ್ಷತ್ರ ಹೇಳಿದೆ.

ಗಾಳಿ ತಿರುಗಿತು. ಪಟ್ಟಿ ಬಂತು. ಒಂದು ಬೆಳಿಗ್ಗೆ ಕ್ಯಾಪ್ಟನ್ ಫೋನು ಮಾಡಿ, ನೀರು ಎಣ್ಣೆಯ ಹಾಗೆ ಮಲಗಿದೆ, ಒಳಗೆ ಹೋಗುತ್ತಿದ್ದೇನೆ ಎಂದ. ಬಾರ್ಜು ಮರಳಿಗೆ ಹತ್ತಿತು. ಹಲಗೆ ಇಳಿಯಿತು. ಸಾಹೇಬರು ಕಡಿಯಲು ಕೂತರು.

ನನ್ನ ತೀರ್ಮಾನದ ಬೆಲೆ ತೆರುವ ಹೊತ್ತು ಅದು. ಎರಡೆರಡು ಸಲ ಬೆಸೆದ ಬ್ರೇಸುಗಳು. ಒಬ್ಬರೇ ಕಡಿಯಬೇಕು, ಕೈ ಚಳಿಗೆ ಮರಗಟ್ಟುತ್ತದೆ. ಮಧ್ಯಾಹ್ನದ ಹೊತ್ತಿಗೆ ಅರ್ಧವೂ ಮುಗಿದಿರಲಿಲ್ಲ. ಗಡ್ಡೆ ಒತ್ತಾಗುತ್ತಿತ್ತು. ಕ್ಯಾಪ್ಟನ್ ಫೋನು ಮಾಡಿದಾಗ ಬಾಸು ಸ್ಪೀಕರ್ ಹಾಕಿಸಿದರು. ಕ್ಯಾಪ್ಟನ್ ಕೇಳಿದ್ದು ಸ್ಪಷ್ಟವಾಗಿತ್ತು. ಈಗ ಬಾರ್ಜನ್ನು ಎಳೆದುಕೊಂಡರೆ ಟಗ್ಗು, ಬಾರ್ಜು ಎರಡೂ ಹೊರಗೆ ಬರುತ್ತವೆ, ಪವರ್‌ಹೌಸ್ ಹತ್ತಿದ ಹಾಗೆಯೇ ವಾಪಸು. ಪೂರ್ತಿ ಇಳಿಸಲು ನಿಂತರೆ ಟಗ್ಗೂ ಒಳಗೇ ಸಿಕ್ಕಿಕೊಳ್ಳಬಹುದು. ಬಾರ್ಜನ್ನು ಬಿಟ್ಟು ಟಗ್ಗು ಮಾತ್ರ ಹೊರಟರೆ ಊರಿನವರು ನಿಧಾನವಾಗಿ ಇಳಿಸಿಕೊಳ್ಳುತ್ತಾರೆ, ಆದರೆ ಬಾರ್ಜು ಮುಂದಿನ ಬೇಸಿಗೆಯವರೆಗೆ ಅಲ್ಲೇ. ತನಗೆ ಇರುವ ಹೊತ್ತೆಷ್ಟು ಎಂಬುದು ಅವನ ಪ್ರಶ್ನೆ.

ಮುಂದಿನ ಉಪಗ್ರಹ ಚಿತ್ರ ಸಂಜೆಗೆ. ಬೆಳಗಿನ ಚಿತ್ರ, ಗಾಳಿಯ ವೇಗ, ನನ್ನ ಅಂದಾಜು, ಇಷ್ಟೇ ಕೈಯಲ್ಲಿದ್ದದ್ದು. ಕತ್ತಲಾಗುವ ಮುಂಚೆ ಓಣಿ ಮುಚ್ಚುತ್ತದೆ ಎಂದೆ. ಬಾಸು ನನ್ನ ಮುಖ ನೋಡಿದರು. ಬಾರ್ಜು ಚಳಿಗಾಲವೆಲ್ಲ ಅಲ್ಲಿ ಕೂತರೆ ಅದರ ಮಾಲೀಕರು ಯಾರ ಕುತ್ತಿಗೆ ಹಿಡಿಯುತ್ತಾರೆ ಎಂದು ಇಬ್ಬರಿಗೂ ಗೊತ್ತಿತ್ತು. ಅವರು ಮೇಜಿನ ಮೇಲೆ ಬೆರಳು ತಟ್ಟುತ್ತ ಕೂತಿದ್ದರು. ಕೊನೆಗೆ, ನೀವೇ ಹೇಳಿ ಎಂದು ಸನ್ನೆ ಮಾಡಿದರು.

ಬಾರ್ಜು ಬಿಟ್ಟು ಹೊರಡಿ ಎಂದೆ. ತನ್ನ ಮನಸ್ಸಿನಲ್ಲಿ ಇದ್ದದ್ದೂ ಅದೇ ಎಂದ ಕ್ಯಾಪ್ಟನ್. ಕಟ್ಟರು ಹಿಡಿದವರು ಟಗ್ಗು ಹತ್ತಲು ಒಪ್ಪುತ್ತಿಲ್ಲ, ಮುಗಿಸಿಯೇ ಬರುತ್ತಾರಂತೆ ಎಂದೂ ಸೇರಿಸಿದ. ಟಗ್ಗು ಹೊರಗೆ ಬಂದ ಸುದ್ದಿ ಸಂಜೆ ತಿಳಿಯಿತು. ಆ ಹೊತ್ತಿಗೆ ಬಂದ ಚಿತ್ರಕ್ಕೆ ಬಣ್ಣ ಹಚ್ಚಿದಾಗ ಟಗ್ಗಿನ ಹಿಂದೆ ಪೂರ್ತಿ ಕೆಂಪು.

ಆಮೇಲೆ ನಾಲ್ಕೈದು ದಿನ ಸಾಹೇಬರಿಂದ ಸುದ್ದಿ ಇಲ್ಲ. ಊರಿನ ಫೋನು ಸತ್ತಿತ್ತು. ಹಳೆಯ ಜನರೇಟರು ನಿಂತಿದೆ ಎಂದು ಅದರಿಂದಲೇ ಅರ್ಥವಾಯಿತು. ಫ್ರೀಮಾಂಟಿಗೆ ಫೋನು ಮಾಡಲು ನನಗೆ ಧೈರ್ಯ ಬರುತ್ತಿರಲಿಲ್ಲ, ಆದರೂ ಮಾಡುತ್ತಿದ್ದೆ. ಸಾಹೇಬರ ಹೆಂಡತಿ, ಊಟ ಮಾಡಿದೆಯಾ ಎಂದಷ್ಟೇ ಕೇಳುತ್ತಿದ್ದರು. ಒಂದು ಮಧ್ಯಾಹ್ನ ನನ್ನ ಮೇಜಿನ ಫೋನು ಹೊಡೆದುಕೊಂಡಿತು.

“ಲೈಟ್ ಹತ್ಯಾವ್ರಿ ಅಕ್ಕಾರ” ಎಂದರು ಸಾಹೇಬರು. ಅವರ ಹಿಂದೆ ಇಂಜಿನ್ನಿನ ಸದ್ದು ಕೇಳುತ್ತಿತ್ತು. ನನಗೆ ಅಳು ಬಂದುಬಿಟ್ಟಿತು, ಆಫೀಸಿನಲ್ಲಿ ಎಲ್ಲರೂ ನೋಡುತ್ತಿದ್ದರೂ ತಡೆಯಲಾಗಲಿಲ್ಲ.

ಅವರು ಒಂದು ವಿಷಯ ಹೇಳಿದರು. ಪವರ್‌ಹೌಸ್ ಕೂರಿಸಲು ಊರಿನವರು ಬೇಸಿಗೆಯ ಮೊದಲಲ್ಲೇ ಪಾಯ ಸಿದ್ಧಮಾಡಿದ್ದರಂತೆ. ನಮ್ಮ ಬಾರ್ಜು ಕೊಲ್ಲಿಯಲ್ಲಿ ಬಚ್ಚಿಟ್ಟುಕೊಂಡಿದ್ದಾಗ ಬಂದ ಅಲೆ, ಆಮೇಲೆ ಬಂದ ಅಲೆಗಳು, ದಂಡೆಯನ್ನು ಕೊಚ್ಚಿ ಆ ಪಾಯವನ್ನೂ ತೆಗೆದುಕೊಂಡು ಹೋಗಿದ್ದವು. ಹಾಗಾಗಿ ಶಾಲೆಯ ಹಿಂದೆ ಹೊಸ ಜಾಗ ಮಾಡಿ ಕೂರಿಸಿದರು, ತಡವಾದದ್ದು ಅದಕ್ಕೇ. “ಪಾಯಾ ಅಷ್ಟ ಅಲ್ರೀ, ಪಾಯಾ ಹಾಕಿದ್ದ ನೆಲಾನ ಇಲ್ಲ” ಎಂದರು. ಎರಡು ದಿನದ ಮೇಲೆ ವಿಮಾನ ಹಿಡಿದು ಮನೆಗೆ ಬಂದರು. ಬಹಳ ಇಳಿದುಹೋಗಿದ್ದರು. ಹೆಂಡತಿ ಒಂದು ವಾರ ಅವರ ಜೊತೆ ಮಾತಾಡಲಿಲ್ಲವಂತೆ.

ಅಕ್ಟೋಬರಿನಲ್ಲಿ ಆ ಗಡ್ಡೆಯ ಪಟ್ಟಿ ಮತ್ತೆ ಸರಿದುಹೋಯಿತು. ಕಡಲು ಹೆಪ್ಪುಗಟ್ಟುವ ಮುಂಚೆ ಇನ್ನೊಂದು ಬಿರುಗಾಳಿ ಬಂತು. ಊರಿನ ಪವರ್‌ಹೌಸಿನವನು ಫೋನು ಮಾಡಿದ. ಇಂಜಿನ್ ಚೆನ್ನಾಗಿದೆ, ಯಾರನ್ನೂ ಬೇರೆ ಊರಿಗೆ ಕಳಿಸಲಿಲ್ಲ ಎಂದ. ಆಮೇಲೆ, ಊರಿನವರದು ಒಂದು ಬೇಡಿಕೆ ಇದೆ ಎಂದ. ಅಲೆ ಹೊಡೆದಾಗ ದಂಡೆಯೆಲ್ಲ ಕೊಚ್ಚಿಕೊಂಡು ಹೋಯಿತು, ಬಾರ್ಜು ಕೂತಿರುವ ಜಾಗದ ಹಿಂದೆ ಮಾತ್ರ ನೆಲ ಉಳಿದಿದೆ. ಬಾರ್ಜನ್ನು ಅಲ್ಲೇ ಬಿಡಲು ಆಗುತ್ತದೆಯೇ? ಕೇಳಿ ನೋಡುತ್ತೇನೆ ಎಂದೆ. ಕೇಳಿದೆ. ಬಾರ್ಜಿನ ಮಾಲೀಕರು ಆಗಲೇ ವಕೀಲರ ಮೂಲಕ ಮಾತಾಡುತ್ತಿದ್ದರು. ಬಾಸು ಕೂಡ ನನ್ನ ಪರವಾಗಿ ಒಂದು ಸಲ ಕೇಳಿದರು, ಅದನ್ನು ನಾನು ಮರೆಯುವುದಿಲ್ಲ. ಮಾಲೀಕರು ಒಪ್ಪಲಿಲ್ಲ. ಮುಂದಿನ ಬೇಸಿಗೆ ಬರುವಷ್ಟರಲ್ಲಿ ನಮ್ಮ ಕಂಪನಿಯೇ ಇರಲಿಲ್ಲ. ಆಟದ ಮೇಜನ್ನು ಯಾರೋ ಕೊಂಡುಹೋದರು. ನಾನು ಬೇರೆ ಕೆಲಸ ಹುಡುಕಿಕೊಂಡೆ.

ಬಾರ್ಜನ್ನು ಎಳೆದು ತರಲು ಹೋದವನು ಅದೇ ಕ್ಯಾಪ್ಟನ್. ವಾಪಸು ಬಂದ ಮೇಲೆ ನನ್ನ ಮನೆಗೆ ಫೋನು ಮಾಡಿದ. ಊರಿನವರು ಜಗಳಕ್ಕೆ ಬರಬಹುದು ಎಂದುಕೊಂಡಿದ್ದನಂತೆ. ಯಾರೂ ಜಗಳಕ್ಕೆ ಬರಲಿಲ್ಲ, ಬದಲಿಗೆ ಹಗ್ಗ ಕಟ್ಟಲು ಕೈ ಜೋಡಿಸಿದರು, ಅದೇ ಕಷ್ಟವಾಯಿತು ಎಂದ. ಪವರ್‌ಹೌಸ್ ಹೇಗಿದೆ ಎಂದು ಕೇಳಿದೆ.

ಚೆನ್ನಾಗಿ ನಡೆಯುತ್ತಿದೆ, ದಂಡೆ ಸವೆದು ಕಡಲಿನ ನೀರು ಮಾತ್ರ ಈಗ ಶಾಲೆಯ ಮೆಟ್ಟಿಲಿನಿಂದ ಕಾಣುತ್ತದೆ ಎಂದ.